ಅರ್ಧ ಕೇಳಿದ ಅಧ್ಯಾಯ, ಅತ್ತೆಯ ಕಾಲು

ಕರ್ತನಲ್ಲಿ ಪ್ರಿಯರೇ, ನಮ್ಮತ್ತೆಯ ಬಲಗಾಲಿನಲ್ಲಿ ಈಗ ನಾಲ್ಕೇ ಬೆರಳಿವೆ. ಕಾಲು ಉಳಿದದ್ದು ದೇವರ ಕೃಪೆಯಿಂದ. ಬೆರಳು ಹೋದದ್ದು ನನ್ನಿಂದ. ಎರಡನ್ನೂ ಹೇಳಿದರೇ ಇದು ಸಾಕ್ಷಿ ಅನ್ನಿಸಿಕೊಳ್ಳುತ್ತದೆ, ಅದಕ್ಕೇ ನಾಚಿಕೆ ನುಂಗಿಕೊಂಡು ಬರೆಯುತ್ತಿದ್ದೇನೆ.

ನಾವು ಬಸವಕಲ್ಯಾಣದವರು. ನನ್ನ ಗಂಡ ಹುಮನಾಬಾದಿನ ಲಾರಿ ಗ್ಯಾರೇಜಿನಲ್ಲಿದ್ದಾರೆ, ಮನೆಗೆ ಬರುವುದು ಶನಿವಾರ. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಓದಲು ಬಾರದು. ನಾನು ಬಿ.ಎ. ಮಾಡಿದವಳು, ನಮ್ಮ ಸಭೆಯ ಸ್ತ್ರೀಯರ ಕೂಟದ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಫೋನಿನ ಸ್ಟೇಟಸ್‌ಗೆ ಒಂದು ಬೈಬಲ್ ವಚನ ಹಾಕುತ್ತಿದ್ದೆ. "ನಮ್ಮ ಸೊಸಿಗಿ ಬೈಬಲ್ ಬಾಯಿಪಾಠ ಅದ" ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ನಿಜ ಹೇಳಬೇಕೆಂದರೆ, ಆ ವಚನಗಳೆಲ್ಲ ಯಾರೋ ಕಳಿಸಿದವು. ಬೈಬಲ್ಲಿಗೆ ಚೆಂದದ ಜಿಪ್ ಕವರ್ ಹಾಕಿಸಿದ್ದೆ. ಭಾನುವಾರ ಒಯ್ಯುವುದು, ತಂದು ಕಪಾಟಿನಲ್ಲಿಡುವುದು, ಅಷ್ಟೇ.

ಕಳೆದ ಬೇಸಿಗೆಯಲ್ಲಿ ಅತ್ತೆ ಮೋರಖಂಡಿಯ ಒಂದು ಮದುವೆಗೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಕಿರುಬೆರಳಿಗೆ ಗಾಯ ಮಾಡಿಕೊಂಡು ಬಂದರು. ಅವರಿಗೆ ಶುಗರ್ ಇದೆ. ಗಾಯ ಮಾಯಲಿಲ್ಲ. ಅದೇ ಹೊತ್ತಿಗೆ ನನ್ನ ಫೋನಿಗೆ ಒಂದು ಸಣ್ಣ ವಿಡಿಯೊ ಬಂತು. ಹಿಜ್ಕೀಯ ರಾಜನಿಗೆ ಸಾಯುವಂಥ ಹುಣ್ಣು. ಗೋಡೆಗೆ ಮುಖ ಮಾಡಿ ಅತ್ತ. ದೇವರು ಅವನ ಕಣ್ಣೀರು ಕಂಡು ಆಯುಸ್ಸು ಕೂಡಿಸಿದ. ವಿಡಿಯೊ ಅಲ್ಲಿಗೆ ಮುಗಿಯಿತು. ನಾನು ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

"ಅತ್ತಿ, ರಾಜ ಬರೀ ಪ್ರಾರ್ಥನಾ ಮಾಡಿ ಗುಣ ಆಗ್ಯಾನ್ರಿ. ನಾವೂ ವಿಶ್ವಾಸದಿಂದ ಇರೋಣು" ಎಂದೆ. ಅವರ ಶುಗರ್ ಗುಳಿಗೆಗಳನ್ನು ಕೈಗೆಟುಕದ ಹಾಗೆ ಅಡುಗೆಮನೆಯ ಅಟ್ಟದ ಮೇಲಿಟ್ಟೆ. ಬೈಬಲ್ಲನ್ನು ಅವರ ದಿಂಬಿನ ಕೆಳಗಿಟ್ಟೆ.

ಶನಿವಾರ ಬಂದ ಗಂಡ ಕಾಲು ನೋಡಿ, "ದವಾಖಾನಿಗಿ ತೋರಸೋಣಲ್ಲ?" ಅಂದರು.

"ನಿಮಗ ವಿಶ್ವಾಸ ಕಮ್ಮಿ ಅದ" ಎಂದು ಬಾಯಿ ಮುಚ್ಚಿಸಿದೆ.

"ನನಗೇನ್ ತಿಳೀತದ, ಓದಿದಾಕಿ ನೀ" ಎಂದು ಸುಮ್ಮನಾದರು.

ಬೆರಳು ಕಪ್ಪಾಯಿತು. ವಾಸನೆ ಬರತೊಡಗಿತು. ನನಗೂ ಹೆದರಿಕೆಯಾಯಿತು. ಆದರೆ ಕೂಟದಲ್ಲಿ ಆಗಲೇ ಅತ್ತೆ ಗುಣವಾಗುತ್ತಿದ್ದಾರೆಂದು ಎದ್ದು ನಿಂತು ಹೇಳಿಬಿಟ್ಟಿದ್ದೆ. ಈಗ ಆಸ್ಪತ್ರೆಗೆ ಹೋದರೆ ನನ್ನ ಮರ್ಯಾದೆಯ ಗತಿಯೇನು ಎಂಬ ಚಿಂತೆ ನನಗೆ.

ಒಂದು ಮಧ್ಯಾಹ್ನ ಅತ್ತೆ ನರಳುತ್ತ, "ಆ ರಾಜಂದು ಮತ್ತೊಮ್ಮಿ ಕೇಳಸವ್ವಾ" ಎಂದರು. ಫೋನಿನಲ್ಲಿ ಡೇಟಾ ಮುಗಿದಿತ್ತು. "ಪುಸ್ತಕದಾಗ ಇರಬೇಕಲ್ಲ, ಅದರಾಗ ಓದು" ಎಂದು ದಿಂಬು ಸರಿಸಿ ಕೊಟ್ಟರು. ಎಲ್ಲಿ ಹುಡುಕಬೇಕೆಂದೇ ನನಗೆ ಗೊತ್ತಿರಲಿಲ್ಲ. ಹಾಳೆಗಳ ಕೆಂಪು ಅಂಚು ಒಂದಕ್ಕೊಂದು ಅಂಟಿಕೊಂಡಿತ್ತು, ಉಗುರಿನಿಂದ ಬಿಡಿಸಬೇಕಾಯಿತು.

"ಹೊಸಾದ್ ತಂದೀಯೇನು?"

"ಇಲ್ರಿ, ನನ್ನ ಮದ್ವ್ಯಾಗ ಕೊಟ್ಟಿದ್ದು."

ನಾನು ತಲೆ ಎತ್ತದೆ ಹಾಳೆ ಬಿಡಿಸುತ್ತ ಹೋದೆ.

ಕೊನೆಗೂ ಅರಸುಗಳ ಎರಡನೆಯ ಭಾಗದಲ್ಲಿ ಸಿಕ್ಕಿತು. ರಾಜ ಅತ್ತದ್ದು, ದೇವರು ಕೇಳಿದ್ದು ಓದಿದೆ. ವಿಡಿಯೊ ಮುಗಿದ ಜಾಗಕ್ಕೆ ಬಂದು ನಿಲ್ಲಿಸಿದೆ.

"ಮುಂದ?" ಎಂದರು ಅತ್ತೆ.

ಮುಂದಿನ ವಚನ ಓದಿದೆ. ಅಂಜೂರದ ಉಂಡೆ ತರಲು ಪ್ರವಾದಿ ಯೆಶಾಯನೇ ಹೇಳಿದ್ದ. ಅದನ್ನು ತಂದು ಹುಣ್ಣಿನ ಮೇಲಿಟ್ಟರು, ರಾಜ ಗುಣವಾದ.

ಅತ್ತೆ, "ಪ್ರವಾದಿನೇ ಮದ್ದು ಹಚ್ಚಸ್ಯಾನಲ್ಲವ್ವಾ. ನನ್ನ ಗುಳಿಗಿ ಎಲ್ಲಿಟ್ಟೀ?" ಎಂದರು. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಗಂಡನಿಗೆ ಫೋನ್ ಮಾಡಿದೆ. ಹುಮನಾಬಾದಿಗೇ ಕರೆದುಕೊಂಡು ಬಾ, ಆಸ್ಪತ್ರೆಯ ಬಾಗಿಲಲ್ಲಿರುತ್ತೇನೆ ಎಂದರು. ಬಸ್ಸಿನಲ್ಲಿ ಬುರ್ಖಾ ಹಾಕಿದ್ದ ಒಬ್ಬ ಹೆಂಗಸು ಎದ್ದು ಅತ್ತೆಗೆ ಸೀಟು ಬಿಟ್ಟರು. ಕಾಲಿನ ಕಡೆ ನೋಡಿ, "ಯಾ ಅಲ್ಲಾ, ಇಷ್ಟು ದಿನ ಯಾಕ ಬಿಟ್ರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನೇ ಹಟ ಹಿಡಿದಿದ್ದೆ ಬೇಟಿ. ಇಕಿ ಪಾಪ ದಿನಾ ಹೋಗೋಣು ಅನ್ನಾಕತ್ತಿದ್ಲು" ಅಂದುಬಿಟ್ಟರು. ನೆಲ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

ಡಾಕ್ಟರೂ ಅದನ್ನೇ ಕೇಳಿದರು. ಅತ್ತೆ ಮತ್ತೆ, "ನಾನೇ..." ಎಂದು ಶುರು ಮಾಡಿದರು. ಈ ಸಲ ನಾನು ಬಿಡಲಿಲ್ಲ. "ಇಲ್ರಿ ಸರ್, ಗುಳಿಗಿ ಬಿಡಿಸಿದಾಕಿ ನಾನು" ಎಂದೆ. ಗಂಡ ನನ್ನ ಮುಖ ನೋಡಿದರು.

"ಬೆರಳು ಉಳಿಯಂಗಿಲ್ಲ. ಪಾದದ್ದು ಈಗೇ ಹೇಳಲಿಕ್ಕಾಗಂಗಿಲ್ಲ" ಎಂದರು ಡಾಕ್ಟರು.

ಕೂಟದಲ್ಲಿ ಅರ್ಧ ಗಂಟೆ ನಿಲ್ಲದೆ ಪ್ರಾರ್ಥಿಸುತ್ತಿದ್ದ ನನಗೆ ಅಂದು ಮಾತೇ ಹೊರಡಲಿಲ್ಲ. ಆಪರೇಶನ್ ಕೋಣೆಯ ಹೊರಗೆ ನೆಲದ ಮೇಲೆ ಕುಳಿತು, "ತಂದೆಯೇ, ನನ್ನ ಜಂಬಕ್ಕೆ ಅವರ ಕಾಲು ತೆಗೆಯಬೇಡ" ಎಂದಷ್ಟೇ ಬೇಡಿಕೊಂಡೆ. ಅಂದು ಬೆರಳು ತೆಗೆದರು. ಆಮೇಲೆ ದಿನಾ ಪಟ್ಟಿ ಬಿಚ್ಚುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ಒಂದು ಬೆಳಿಗ್ಗೆ ಡಾಕ್ಟರು ಪಾದ ಒತ್ತಿ ನೋಡಿ, "ರಕ್ತ ಆಡಾಕತ್ತದ, ಕಾಲು ಉಳೀತು" ಎಂದರು. ಗಂಡ ಗೋಡೆಗೆ ಮುಖ ಮಾಡಿ ಅತ್ತರು.

ಅಂದು ಸಂಜೆ ಅತ್ತೆ ವಾರ್ಡಿನಲ್ಲಿ, "ಗುಣ ಆದಮ್ಯಾಗ ಆ ರಾಜ ಏನ್ ಮಾಡ್ದ?" ಎಂದು ಕೇಳಿದರು. ಅದೂ ನನಗೆ ಗೊತ್ತಿರಲಿಲ್ಲ. ಓದಿದೆ. ದೂರದ ಊರಿಂದ ಬಂದವರಿಗೆ ರಾಜ ತನ್ನ ಬೆಳ್ಳಿ ಬಂಗಾರವನ್ನೆಲ್ಲ ತೋರಿಸಿದ್ದ.

"ಓಹೋ, ಸ್ಟೇಟಸ್ ಹಾಕ್ಯಾನ ಅನ್ನು" ಎಂದರು ಅತ್ತೆ.

ಪಕ್ಕದ ಮಂಚದವರೂ ನಕ್ಕರು. ನಾನು ಪುಸ್ತಕದಲ್ಲೇ ಮುಖವಿಟ್ಟುಕೊಂಡೆ.

ಊರಿಗೆ ಬಂದು ಕೂಟದಲ್ಲಿ ಎದ್ದು ನಿಂತು ನನ್ನ ಹಿಂದಿನ ಸಾಕ್ಷಿ ಸುಳ್ಳೆಂದು ಹೇಳಿದೆ. ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ, ಮನೆಗೆ ಹೋಗಿ ಆ ಅಧ್ಯಾಯ ತೆಗೆದು ನೀವೇ ಪೂರಾ ಓದಿ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ. ನನ್ನಂಥವಳ ಪ್ರಾರ್ಥನೆಯನ್ನೂ ಕೇಳಿದ ದೇವರಿಗೆ ಎಷ್ಟು ಸ್ತೋತ್ರ ಹೇಳಿದರೂ ತೀರದು.

ಈಗ ದಿನಾ ಸಂಜೆ ಅತ್ತೆಗೆ ಗುಳಿಗೆ ಕೊಟ್ಟು ಬೈಬಲ್ ತೆರೆಯುತ್ತೇನೆ. ಸುಸ್ತಾಗಿ ನಡುವೆ ನಿಲ್ಲಿಸಿದರೆ, ನಾಲ್ಕು ಬೆರಳಿನ ಕಾಲಿನಿಂದ ನನ್ನ ಮೊಣಕಾಲು ತಿವಿದು, "ಮುಂದ?" ಅನ್ನುತ್ತಾರೆ.