ಅತ್ತೆಯ ಕೈಗುಣ ಕಳೆದವಳು

ತೊಂಬತ್ತರ ದಶಕದ ಮಾತು. ಹೊಣಕೆರೆ ಕಡೆಯ ಮಳೆ ನಂಬಿದ ಊರಿನಿಂದ ಪಾಲಹಳ್ಳಿಗೆ ಸೊಸೆಯಾಗಿ ಬಂದ ನನಗೆ ಅದು ಇಲ್ಲಿಯ ಎರಡನೆಯ ಬೇಸಿಗೆ. ತವರಿನಲ್ಲಿ ಬೇಸಿಗೆಯೆಂದರೆ ಕುಡಿಯುವ ನೀರಿಗೇ ಪರದಾಟ. ಇಲ್ಲಿ ಅತ್ತೆ ನಾಲೆ ನಿಂತ ಮೇಲೂ ಹಿತ್ತಲಲ್ಲಿ ಬದನೆ, ಬೆಂಡೆ, ಹೀರೆ ಬೆಳೆಯುತ್ತಿದ್ದರು. ಮಡಿಗಳ ಮೇಲೆ ತೆಂಗಿನ ಗರಿಯ ತಗ್ಗು ಚಪ್ಪರ, ಬುಡಕ್ಕೆ ಪಾತ್ರೆ ತೊಳೆದ ನೀರು.

ಬೀದಿಯಲ್ಲಿ ಅತ್ತೆಗೆ ಕೈಗುಣದವರೆಂದು ಹೆಸರು. ಯಾರ ಮನೆಯಲ್ಲಿ ಬೀಜ ಊರುವುದಾದರೂ ಮೊದಲನೆಯದು ಅವರ ಕೈಯಿಂದಲೇ ಬೀಳಬೇಕು. ಗಂಡ ಸತ್ತವರೆಂದು ಮದುವೆಮನೆಗಳಲ್ಲಿ ಅವರು ಹಿಂದೆ ನಿಲ್ಲಬೇಕಿತ್ತು. ಬೀಜಕ್ಕೆ ಮಾತ್ರ ಆ ಕಟ್ಟುಪಾಡಿರಲಿಲ್ಲ. ಕರೆ ಬಂದರೆ ‘ನನ್ ಕೈಲೇನದೆ’ ಅನ್ನುತ್ತಲೇ ಸೆರಗು ಸರಿಮಾಡಿಕೊಂಡು, ಹುಡುಗಿಯ ಹಾಗೆ ಬಿರಬಿರನೆ ಹೊರಡುತ್ತಿದ್ದರು. ಅವರ ಬಾಳಿನಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ವರ್ಷ ಬದನೆಗೆ ಹೇನು ಬಿತ್ತು. ಎಲೆಯ ಅಡಿಯೆಲ್ಲ ಅಂಟಂಟು. ವಾರವಿಡೀ ಬೆಳಗಿನ ತಂಪಿನಲ್ಲಿ ಒಲೆಯ ಬೂದಿ ಎರಚಿದರೂ ಜಗ್ಗಲಿಲ್ಲ. ಕೊನೆಗೆ ಅತ್ತೆ ಬಟ್ಟೆ ಸೋಪು ಕರಗಿಸಿ, ಸೀಮೆಎಣ್ಣೆ ಬೆರೆಸಿ, ಒಂದು ಬಕೆಟ್ಟು ನೀರು ತಯಾರು ಮಾಡಿಟ್ಟರು. ಪಾಂಡವಪುರದಲ್ಲಿದ್ದ ತಂಗಿಗೆ ಮೈ ಹುಷಾರಿಲ್ಲವೆಂದು ನೋಡಲು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: “ಒತ್ತು ಮುಳುಗೋಗಂಟ ಮುಟ್ಬ್ಯಾಡ ಮಗ. ಬಿಸ್ಲಲ್ಲಿ ಚಿಮುಕ್ಸುದ್ರೆ ಗಿಡ ಸೀದೋಯ್ತದೆ. ಚೆನ್ನಾಗಿ ಕಲಕ್ಬುಟ್ಟು ಆಕು.”

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ, ಅವ್ವ ಇಲ್ಲವಲ್ಲ, ಸಂಜೆ ಅಣೆಕಟ್ಟೆಯ ಕೆಳಗಿನ ತೋಟದಲ್ಲಿ ಬಣ್ಣದ ಕಾರಂಜಿ ನೋಡಿಬರೋಣ ಅಂದರು. ಇಷ್ಟು ಹತ್ತಿರವಿದ್ದರೂ ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ನೋಡಿರಲಿಲ್ಲ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಔಷಧಿ ಮಾರನೆಯ ದಿನ ಹಾಕಿದ್ದರೆ ಗಂಟೇನು ಹೋಗುತ್ತಿರಲಿಲ್ಲ. ಆದರೆ ಬೆಳಿಗ್ಗೆಯೇ ಅತ್ತೆ ಬಂದು ಬಕೆಟ್ಟು ಹಾಗೇ ಇರುವುದನ್ನು ನೋಡಿದರೆ ಎಲ್ಲಿ ಹೋಗಿದ್ದೆ ಅನ್ನುತ್ತಾರಲ್ಲ! ಎರಡು ಗಂಟೆಯ ಸುಡುಬಿಸಿಲಿನಲ್ಲಿ ಗರಿಗಳನ್ನು ಪಕ್ಕಕ್ಕೆಳೆದು, ಬಕೆಟ್ಟಿಗೆ ಪೊರಕೆ ಅದ್ದಿ ಅದ್ದಿ ಚಿಮುಕಿಸಿದೆ. ಕಲಕಲಿಲ್ಲ. ಮೇಲೆ ತೇಲುತ್ತಿದ್ದ ಎಣ್ಣೆಯೆಲ್ಲ ಎಲೆಗಳ ಮೇಲೆ ಹೋಯಿತು. ಗರಿ ಮತ್ತೆ ಮುಚ್ಚಿದ್ದು ಕಾರಂಜಿ ನೋಡಿ ಬಂದ ಮೇಲೆ.

ಮರುದಿನ ಅತ್ತೆ ಬರುವ ಹೊತ್ತಿಗೆ ಎಲೆಗಳು ಕಂದಿದ್ದವು. ಮೂರನೆಯ ದಿನ ಮಡಿಗೆ ಮಡಿಯೇ ಸುಟ್ಟುಹೋಯಿತು. ಅತ್ತೆ ಕೇಳಿದ್ದು ಒಂದೇ ಮಾತು: “ಒತ್ತು ಮುಳುಗುದ್ ಮೇಲೇ ತಾನೆ ಮಗ ಆಕಿದ್ದು?”

“ಊಂ ಅತ್ತೆ” ಅಂದೆ. ಥೂ, ನನ್ನ ಬಾಯಿಗೆ ಬೆಂಕಿ ಹಾಕ.

“ಅಂಗಾದ್ರೆ ನಾನೇ ಎಣ್ಣೆ ಜಾಸ್ತಿ ಉಯ್ದ್ಬುಟ್ಟಿವ್ನಿ” ಎಂದು ಅವರು ಒಣಗಿದ ಗಿಡಗಳನ್ನು ತಾವೇ ಕಿತ್ತರು. ನಾನೂ ಜೊತೆಗೆ ಕುಳಿತು ಕಿತ್ತೆ.

ಮುಂಗಾರಿಗೆ ಪಕ್ಕದ ಮನೆಯಾಕೆ ಹೀರೆ ಬೀಜ ಹಿಡಿದು ಅತ್ತೆಯನ್ನು ಕರೆಯಲು ಬಂದಳು. ಅತ್ತೆ ಎದ್ದೇಳಲಿಲ್ಲ. “ನನ್ ಕೈಗುಣ ಓಯ್ತು ಕಣವ್ವ. ನಮ್ ಸೊಸೆ ಕೈಲಿ ಆಕುಸ್ಕೊ” ಎಂದು ನನ್ನನ್ನು ಮುಂದೆ ತಳ್ಳಿದರು. ನಾನು ಊರಿದ ಆ ಹಾಳು ಬಳ್ಳಿ ಒಂದು ತಿಂಗಳಲ್ಲಿ ಸೂರು ಹತ್ತಿತು. ಅಲ್ಲಿಂದಾಚೆ ಬೀದಿಯವರೆಲ್ಲ ನನ್ನನ್ನೇ ಕರೆಯತೊಡಗಿದರು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅತ್ತೆ. ಅವರು ಹಿತ್ತಲಲ್ಲಿ ನೀರು ಹಾಕುತ್ತಿದ್ದರು, ಕಳೆ ತೆಗೆಯುತ್ತಿದ್ದರು, ಬೀಜ ಮಾತ್ರ ಮುಟ್ಟುತ್ತಿರಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ: ಕಾರಂಜಿ, ಎರಡು ಗಂಟೆಯ ಬಿಸಿಲು, ಕಲಕದ ಬಕೆಟ್ಟು. ಅತ್ತೆ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ನಕ್ಕರು.

“ನನ್ ಮನ್ಸು ನೋಯ್ತದೆ ಅಂತ ಎಷ್ಟ್ ಚೆಂದಾಗಿ ಸುಳ್ ಕಟ್ತೀಯ ಮಗ.”

ನಿಮ್ಮ ಮಗನನ್ನೇ ಕೇಳಿ ಅಂದೆ. ಅವನು ನೀನು ಹೇಳಿಕೊಟ್ಟ ಹಾಗೆ ಹೇಳುತ್ತಾನೆ ಅಂದರು. ಆಣೆ ಇಡಲು ಹೋದರೆ ನನ್ನ ಕೈ ಹಿಡಿದುಕೊಂಡರು. ಸಂಜೆ ಜಗಲಿಯಲ್ಲಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ಒಳಗಿದ್ದ ನನಗೆ ಕೇಳಿಸಿತು: “ನನ್ ತಪ್ಪ ತನ್ ತಲೆ ಮೇಲೆ ಎಳ್ಕೊತಾಳೆ ಕಣವ್ವ. ಇಂತ ಸೊಸೆ ಯಾರ್ಗವ್ಳೆ?”

ಮರುದಿನ ಆಕೆ ಸೋರೆ ಬೀಜ ಊರಲು ನನ್ನನ್ನು ಕರೆಯಲು ಬಂದಳು. ಜಗಲಿಯಲ್ಲಿ ಕೂತಿದ್ದ ಅತ್ತೆ ಚಾಚಿದ್ದ ಕಾಲು ಮಡಚಿಕೊಂಡು ನನಗೆ ದಾರಿ ಬಿಟ್ಟರು.