ಟಬ್ಬಿನ ಅಂಚು

ವರ್ತಕ ನಗರದ ಆ ಹಳೇ ಫ್ಲ್ಯಾಟನ್ನು ನಾವು ಕೊಂಡಾಗ ಬಚ್ಚಲಿನಲ್ಲಿದ್ದ ಬೀಡುಕಬ್ಬಿಣದ ಸ್ನಾನದ ಟಬ್ಬೂ ಜೊತೆಗೇ ಬಂತು. ಹಿಂದಿನ ಮಾಲಕರು ಯಾವ ಸಿನಿಮಾ ನೋಡಿ ಅದನ್ನು ತಂದು ಕೂರಿಸಿದ್ದರೋ ದೇವರೇ ಬಲ್ಲ. ಹತ್ತು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಅದರೊಳಗೆ ಇಳಿದು ಮೀಯಲಿಲ್ಲ. ನಮಗದು ನೀರು ತುಂಬಿಡುವ ಹಂಡೆ. ಅದಕ್ಕೂ ಬಾಗಿಲಿಗೂ ನಡುವೆ ಉಳಿದ ಎರಡು ಮೊಳ ಜಾಗದಲ್ಲಿ ಪುಟ್ಟ ಸ್ಟೂಲು ಹಾಕಿ ಕೂತು, ಮಗ್ಗಿನಲ್ಲಿ ನೀರು ಮೊಗೆದು ಸ್ನಾನ.

ಟಬ್ಬಿನ ತಳದ ಬಿಳಿ ಲೇಪ ಎದ್ದು ತುಕ್ಕು ಕಾಣಿಸಿದ ದಿನದಿಂದ ನನ್ನ ನೆಮ್ಮದಿ ಹೋಯಿತು. ನೀರು ಕೆಂಪಗಾಗುತ್ತಿತ್ತು. ಜೊತೆಗೆ ಅತ್ತೆಯ ಮೊಣಕಾಲು. ಎಪ್ಪತ್ತು ದಾಟಿದ ಅವರು ಆ ಇಕ್ಕಟ್ಟಿನಲ್ಲಿ ಎಲ್ಲಿ ಬೀಳುತ್ತಾರೋ ಎಂದು, ಅವರ ಸ್ನಾನ ಮುಗಿಯುವವರೆಗೆ ನಾನು ಅಡುಗೆಮನೆಯಿಂದಲೇ ಕಿವಿಗೊಟ್ಟಿರುತ್ತಿದ್ದೆ. ಟಬ್ಬು ಒಡೆಸಿ, ಶವರ್ ಹಾಕಿಸಿ, ಜಾಗ ಮಾಡಬೇಕೆಂಬುದು ನನ್ನ ಹಠ. ವಾಶಿಯ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತೇ ಟೈಲ್ಸಿನ ಬಣ್ಣ ಆರಿಸುತ್ತಿದ್ದೆ. ಇಳಿಯುವಷ್ಟರಲ್ಲಿ, ಛೆ, ಮೇಲೊಂದು ಹೊಸ ಕೋಟಿಂಗ್ ಬಳಿಸಿದರೆ ಸಾಲದೇ ಅನ್ನಿಸುತ್ತಿತ್ತು. ಮರುದಿನ ಮತ್ತೆ, ಒಡೆಸುವುದೇ ಸರಿ. ಗಂಡ, "ಎಂತದಾದರೂ ಒಂದು ಮಾಡು ಮಾರಾಯ್ತಿ, ನನ್ನನ್ನು ಕೇಳ್ಬೇಡ," ಎಂದು ಕೈ ತೊಳೆದುಕೊಂಡರು.

ಅತ್ತೆಯದು ಮಾತ್ರ ಒಂದೇ ಮಾತು. "ಒಡೆಯುವುದು ಬೇಡ. ದಿವಾದ ಮನೆಯಲ್ಲಿ ಇದ್ದಾಗ ಒಂದು ಕೊಡ ನೀರಿಗೆ ನಾನು ಎಷ್ಟು ಹೊತ್ತು ಸಾಲಿನಲ್ಲಿ ನಿಂತದ್ದು ಅಂತ ನಿನಗೆ ಗೊತ್ತುಂಟಾ?"

"ಈಗ ಎರಡು ಹೊತ್ತೂ ನೀರು ಬರ್ತದಲ್ಲ ಅತ್ತೆ!"

"ಇವತ್ತು ಬರ್ತದೆ."

ಆ ಮಾತಿನ ಮುಂದೆ ನನ್ನ ಟೈಲ್ಸು ನಿಲ್ಲಲಿಲ್ಲ. ಕೊನೆಗೆ ಕೋಟಿಂಗೇ ಎಂದಾಯಿತು. ಕೆಲಸದವನಿಗೆ ಬಿಡುವು ಸಿಕ್ಕಿದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ. ಒಳಗೆ, ಅಂಚಿಗೆ, ಎಲ್ಲ ಕಡೆ ಬಳಿದು, "ಮೇಡಂ, ತೀನ್ ದಿನ್ ಪಾನಿ ನಹೀಂ," ಮೂರು ದಿನ ನೀರು ಬಿಡಬಾರದು ಎಂದು ಮೂರು ಬೆರಳು ತೋರಿಸಿ ಹೋದ. ಅತ್ತೆಗೆ ನಾನೂ ಮೂರು ಸಲ ಹೇಳಿದೆ. ಮೀಯಲಿಕ್ಕೆಂದು ಬಕೆಟುಗಳಲ್ಲಿ ನೀರು ಹಿಡಿದಿಟ್ಟು, ಮರುದಿನ ಆಫೀಸಿಗೆ ಹೋದೆ.

ಸಂಜೆ ಬಂದು ನೋಡುತ್ತೇನೆ, ಟಬ್ಬು ತುಂಬ ನೀರು! ಅಂಚಿಗೆ ಸುಣ್ಣದ ಗೆರೆ, ಕುಂಕುಮದ ಬೊಟ್ಟು, ಸುತ್ತ ಚೆಂಡುಹೂವಿನ ಮಾಲೆ. ತಳದಲ್ಲಿ ಹೊಸ ಬಿಳಿ ಲೇಪ ಗುಳ್ಳೆ ಎದ್ದು, ಅಲ್ಲಲ್ಲಿ ಹಾಲಿನ ಕೆನೆಯ ಹಾಗೆ ಕಿತ್ತು ಬಂದಿತ್ತು.

"ಅತ್ತೆ, ನೀವು ಎಂತ ಮಾಡಿದ್ದು ಇದು?"

"ನೀರು ತುಂಬುವ ಹಬ್ಬ ಅಲ್ವಾ? ನಾಳೆ ಎಣ್ಣೆಸ್ನಾನ. ಹಂಡೆ ಖಾಲಿ ಇಡ್ಲಿಕ್ಕುಂಟಾ?"

"ಅದು ಹಂಡೆ ಅಲ್ಲ! ನಿಮಗೆ ಎಷ್ಟು ಸಲ ಹೇಳುವುದು? ಹಬ್ಬ ಒಂದು ಕಳೆಯಲಿ, ಒಡೆಸಿಯೇ ಬಿಡ್ತೇನೆ!"

ಅತ್ತೆ ಜಾರಿದ ಮಾಲೆಯನ್ನು ಸರಿ ಮಾಡಿದರು. ನನ್ನ ಸಿಟ್ಟು ಊಟದ ಹೊತ್ತಿಗೂ ಇಳಿದಿರಲಿಲ್ಲ.

ಬೆಳಿಗ್ಗೆ ಅವರ ತಲೆಗೆ ಎಣ್ಣೆ ಹಚ್ಚಿದೆ. ಯಾವಾಗಿನಂತೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ನೀರು ಹೊಯ್ಯುವ ಸದ್ದು ನಿಂತಿತು. ಆಮೇಲೆ ಏನೋ ಜಾರಿದ ಸದ್ದು. ಮತ್ತೊಮ್ಮೆ. ಬಾಗಿಲು ದೂಡಿದೆ.

ಬಿದ್ದಿರಲಿಲ್ಲ, ಸದ್ಯ. ಸೀರೆ ಸುತ್ತಿಕೊಂಡು ಸ್ಟೂಲಿನ ಮೇಲೆಯೇ ಇದ್ದರು. ಎಣ್ಣೆಗೈಯಲ್ಲಿ ಟಬ್ಬಿನ ಅಂಚು ಹಿಡಿದು ಏಳಲು ನೋಡುತ್ತಿದ್ದರು. ನುಣ್ಣಗಿನ ಹೊಸ ಅಂಚಿನಲ್ಲಿ ಕೈ ನಿಲ್ಲುತ್ತಿರಲಿಲ್ಲ.

"ಮುಂಚೆ ದೊರಗು ಇತ್ತು," ಎಂದರು. "ಹಿಡಿದರೆ ಏಳ್ಲಿಕ್ಕೆ ಆಗ್ತಿತ್ತು."

ನಾನು ಕೈ ಚಾಚಿದೆ. ಅವರು ಹಿಡಿಯಲಿಲ್ಲ.

"ಇವತ್ತು ಎಬ್ಬಿಸ್ತೀ. ನಾಳೆ ಮೀಯಿಸ್ತೀ. ನನಗೆ ಅದು ಬೇಡ. ನನ್ನ ಮೈ ನಾನೇ ತೊಳೆದುಕೊಳ್ಳುವಷ್ಟು ದಿನ ಇದು ಇರ್ಲಿ ಮಾರಾಯ್ತಿ."

ದಿವಾ, ನಲ್ಲಿ, ಸಾಲು, ಎಲ್ಲ ಹೇಳಿದ್ದರು. ಇದೊಂದನ್ನು ಮಾತ್ರ ಹೇಳಿರಲಿಲ್ಲ. ಹಿಂದಿನ ಸಂಜೆ ಹಾಗೆ ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಮೈ ಒರೆಸುವ ಒಣ ಬೈರಾಸನ್ನು ಮಡಚಿ ಅಂಚಿನ ಮೇಲೆ ಹಾಕಿ, ಗೋಡೆಯ ಕಡೆ ತಿರುಗಿ ನಿಂತೆ. ಅವರು ಅದರ ಮೇಲೆ ಕೈಯೂರಿ ನಿಧಾನಕ್ಕೆ ಎದ್ದರು.

ಹಬ್ಬ ಕಳೆದ ಮೇಲೆ ಬಂದ ಕೆಲಸದವನು ಕಿತ್ತುಹೋದ ಬಿಳಿ ನೋಡಿ ಹಣೆ ಬಡಿದುಕೊಂಡ. "ತೋಡ್ ದೂಂ ಕ್ಯಾ, ಮೇಡಂ?" ಒಡೆದುಬಿಡಲೇ ಎಂದು ಕೇಳಿದ. ಹೊರಗಿನ ಕೋಣೆಯಲ್ಲಿ ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದ ಅತ್ತೆಯ ಕೈ ನಿಂತಿತು.

ಬೇಡ, ಒಳಗೆ ಇನ್ನೊಮ್ಮೆ ಬಳಿ, ಅಂಚನ್ನು ಮಾತ್ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮೊದಲಿನ ಹಾಗೆ ದೊರಗು ಮಾಡು ಎಂದೆ. ಹೊಳಪು ಬೇಕೆನ್ನುವವರನ್ನಷ್ಟೇ ಕಂಡಿದ್ದ ಅವನು ನನ್ನ ಮುಖವನ್ನೇ ನೋಡಿದ.

"ನೀರು ಯಾವಾಗ ಬಿಡ್ಲಿಕ್ಕೆ ಆಗ್ತದೆ ಅಂತ ಕೇಳು," ಎಂದರು ಅತ್ತೆ, ಕೂತಲ್ಲಿಂದಲೇ.

ಅವನು ಮೂರು ಬೆರಳು ತೋರಿಸಿದ. ನಾನು ಹೊರಗೆ ಬಂದು ಅತ್ತೆಗೆ ನಾಲ್ಕು ತೋರಿಸಿದೆ.