ಟೀಚರ ಮನೆಯ ಮೂರನೇ ಮಗ್ಗ

ನೀಲಮ್ಮ ಟೀಚರ್ ಪಾಠ ಮಾಡುವಾಗ ಅವರ ಎಡಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಬಾಯಿ ಜೀವಶಾಸ್ತ್ರ ಹೇಳುತ್ತಿದ್ದರೆ ಕಾಲು ಮೇಜಿನ ಕೆಳಗೆ ಇಲ್ಲದ ಮಗ್ಗದ ಮಣೆ ತುಳಿಯುತ್ತಿತ್ತು. ಹಿಂದಿನ ಬೆಂಚಿನ ನಾವು ನೋಡಿ ನಗುತ್ತಿದ್ದೆವು. ಟೀಚರ್ ನೇಕಾರರ ಮಗಳು. ಗಜೇಂದ್ರಗಡದ ಮನೆಯಲ್ಲಿ ಅಪ್ಪ ಬಿಟ್ಟುಹೋದ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮೂರು ಕುಣಿಮಗ್ಗ, ಮತ್ತೆ ಅವರೊಬ್ಬರೇ.

ಆಹಾರ ಸಿಗದಾಗ ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನೇ ಚೀಲ ಕಟ್ಟಿ ಕರಗಿಸಿಕೊಂಡು ಬದುಕುತ್ತದೆ, ಅದಕ್ಕೆ ಆಟೋಫೇಜಿ ಎನ್ನುತ್ತಾರೆ ಎಂದು ಒಂದು ದಿನ ಹೇಳಿದರು. ಸಾಯುತ್ತಿರುವ ಕೋಶದಲ್ಲೂ ಇದು ಜೋರಾಗಿ ನಡೆದಿರುತ್ತದೆ ಎಂದಾಗ ನಾನು ಎದ್ದು, ಹಾಗಾದರೆ ಕೊಂದದ್ದು ಅದೇ ಅಲ್ಲವೇ ಎಂದೆ.

“ಸುಟ್ಟ ಮನಿ ಮುಂದ ನೀರಿನ ಕೊಡ ಕಂಡ್ರ, ಕೊಡಾನ ಬೆಂಕಿ ಹಚ್ಚೇತಿ ಅಂತೀಯೇನು? ಮಿತಿ ಮೀರಿ ತಿಂದು ಕೊಲ್ಲೂದೂ ಖರೇ. ಆದ್ರ ಭಾಳ ಸಲ ಅದು ಉಳಿಸಾಕ ಬಂದಿರತೈತಿ,” ಎಂದರು ಟೀಚರ್.

ಮುಂದೆ ನಾನೂ ರೋಣದಲ್ಲಿ ಅದೇ ವಿಷಯದ ಮಾಸ್ತರನಾದೆ. ಬಿಡುವಾದಾಗ ಬಸ್ಸು ಹತ್ತಿ ಅವರನ್ನು ಕಾಣಲು ಹೋಗುತ್ತಿದ್ದೆ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತು, ಟೀಚರ ಮನೆಯದೊಂದೇ ಸದ್ದು ಉಳಿದಿತ್ತು. ಮಗ್ಗ ರಿಪೇರಿ ಮಾಡುವ ಬಡಗಿಯೂ ಇರಲಿಲ್ಲ. ಅಪ್ಪ ಕೂರುತ್ತಿದ್ದ ಮೂರನೆಯ ಮಗ್ಗ ಕೆಟ್ಟಾಗೆಲ್ಲ ಟೀಚರ್ ಉಳಿದೆರಡರಿಂದ ತುಳಿಯುವ ಮಣೆಯನ್ನೋ ನೂಲು ಬಡಿಯುವ ಹಣಿಗೆಯನ್ನೋ ಬಿಚ್ಚಿ ಅದಕ್ಕೆ ಹಾಕುತ್ತಿದ್ದರು. ಹೆತ್ತಪ್ಪನ ಮಗ್ಗ ಮುರಿದು ತಿನ್ನುತ್ತಿದ್ದಾಳೆ ಎಂದು ಓಣಿಯವರು ಆಡಿಕೊಂಡರು. ಯಾಕಿಷ್ಟು ಹಟ ಎಂದು ನಾನೂ ಕೇಳಿದೆ.

“ಸಂಜಿಕ ಇದರ ಸಪ್ಪಳ ನಿಂತ್ರ, ಮನ್ಯಾಗ ನಾ ಒಬ್ಬಾಕೀನ ಅದೀನಿ ಅಂತ ಗೊತ್ತಾಗತೈತೋ,” ಎಂದರು.

ಕೊನೆಯ ಸಲ ಹೋದಾಗ ಓಣಿಯಲ್ಲಿ ಸದ್ದೇ ಇರಲಿಲ್ಲ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು. ಮಣೆ ಸೀಳಿತ್ತು. ಬಿಚ್ಚಿಕೊಳ್ಳಲು ಬೇರೆ ಮಗ್ಗಗಳೇ ಇಲ್ಲ, ನೆಲದಲ್ಲಿ ಎರಡು ಖಾಲಿ ಕುಣಿಗಳಷ್ಟೇ. ಟೀಚರ್ ಚಹಾ ಕೊಟ್ಟು, ರೋಣದ ಹುಡುಗರು ಹೇಗೆ ಓದುತ್ತಾರೆಂದು ವಿಚಾರಿಸಿದರು. ಅವರ ಎಡಗಾಲು ಅಲ್ಲಾಡದೆ ಇತ್ತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಹೋದ ಸುದ್ದಿ ಬಂತು. ಮಣ್ಣಿಗೆಂದು ಹೋದಾಗ ಪಕ್ಕದ ಮನೆಯ ಅಜ್ಜ ಖಾಲಿ ಕುಣಿಗಳನ್ನು ತೋರಿಸಿದ.

“ನೋಡ್ರಿ, ಎಲ್ಲಾ ತಾನ ಮುರದು ಹಾಳ ಮಾಡಿಕೊಂಡ್ಲು.”

“ಅಜ್ಜಾ, ಅದು ನೀರಿನ ಕೊಡ ರೀ,” ಎಂದೆ.

ಅವನಿಗೆ ತಿಳಿಯಲಿಲ್ಲ. ತಿಳಿಯಬಲ್ಲ ಒಬ್ಬರನ್ನು ಮಣ್ಣಿಗೆ ಒಯ್ಯಲು ಸಿದ್ಧಮಾಡಿ, ಒಳಗೆ ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸಿದ್ದರು.